ಅತ್ತೆಯ ಸ್ವೆಟರಿನ ಕಿಸೆ

ಥಂಡಿ ಬಿತ್ತೆಂದರೆ ನಮ್ಮ ಮನೆಯಲ್ಲಿ ನಗಲಿಕ್ಕೆ ಟಿವಿ ಹಚ್ಚಬೇಕಾಗಿಲ್ಲ, ಅತ್ತೆ ಬೆಚ್ಚಗೆ ಬಟ್ಟೆ ತೊಡಲು ನಿಂತರೆ ಸಾಕು. ಪ್ರತಿ ವರ್ಷ ಏನಾದರೊಂದು ಆಗೇ ಆಗುತ್ತದೆ. ಇನ್ನು ಇದಕ್ಕಿಂತ ಹೆಚ್ಚಿಗೆ ಏನೂ ಆಗಲಿಕ್ಕಿಲ್ಲ ಅಂದುಕೊಳ್ಳುತ್ತೇವೆ, ಮುಂದಿನ ಚಳಿಗಾಲಕ್ಕೆ ಅದಕ್ಕಿಂತ ದೊಡ್ಡದು ಕಾದಿರುತ್ತದೆ.

ನಾವು ಬೀದರ್ ಕಡೆಯವರು. ಮಾವನವರು ನೌಕರಿಗೆಂದು ನಾಸಿಕಕ್ಕೆ ಬಂದು ಇಲ್ಲೇ ಉಳಿದರು. ನಾನು ಬಾಲ್ಕನಿಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಸೀರೆಗಳಿಗೆ ಫಾಲ್-ಪಿಕೋ ಮಾಡುತ್ತೇನೆ, ನೆರೆಹೊರೆಯವರ ಬಟ್ಟೆ ಸಣ್ಣದು ದೊಡ್ಡದು ಮಾಡಿಕೊಡುತ್ತೇನೆ. ಇಲ್ಲಿಯ ಚಳಿ ಎಂಥದೆಂದರೆ ದ್ರಾಕ್ಷಿ ತೋಟದವರು ಬಳ್ಳಿಗಳ ನಡುವೆ ಬೆಂಕಿ ಹಾಕಿ ಕೂಡುತ್ತಾರೆ. ಬಳ್ಳಿಗೂ ಅಷ್ಟು ಉಪಚಾರ ನಡೆಯುವ ಊರಿನಲ್ಲಿ ನಮ್ಮ ಅತ್ತೆ ಬರೀ ಸೆರಗು ಹೊದ್ದುಕೊಂಡು ಮುಂಜಾನೆ ಹಾಲು ತರಲು ಹೋಗುತ್ತಿದ್ದರು.

ಈ ಸಲ ಮಾತ್ರ ನಗುವಿನ ಜೊತೆ ಹೆದರಿಕೆಯೂ ಇತ್ತು. ನನ್ನ ನಾದಿನಿಯ ಮೊದಲ ಬಾಣಂತನ ನಮ್ಮ ಮನೆಯಲ್ಲೇ ಆಗಿತ್ತು, ಅದೂ ಚಳಿಗಾಲದಲ್ಲಿ. ಆಗ ಅತ್ತೆಗೆ ಎಂಥ ಕೆಮ್ಮು ಹತ್ತಿತೆಂದರೆ, ಕೂಸಿನ ಕೋಣೆಗೆ ಕಾಲಿಡಬೇಡಿ ಎಂದು ಡಾಕ್ಟರು ಹೇಳಿಬಿಟ್ಟರು. ಸಂಭಾಜಿನಗರದಿಂದ ಬೀಗತಿ, ಅಂದರೆ ನಾದಿನಿಯ ಅತ್ತೆ, ಬಂದು ಕೂಸಿಗೆ ಎರೆದರು. ಸ್ವಂತ ಮನೆ, ಸ್ವಂತ ಮಗಳು, ಆದರೆ ನಮ್ಮ ಅತ್ತೆ ಹಾಲ್‌ನಲ್ಲಿ ಕುಳಿತು ಬಾಗಿಲ ಪರದೆ ನೋಡುತ್ತಿದ್ದರು.

ಈಗ ನಾದಿನಿ ಸಂಭಾಜಿನಗರದಲ್ಲಿ ಎರಡನೆಯ ಸಲ ಬಸುರಿ, ದಿನ ತುಂಬುವುದು ಮತ್ತೆ ಚಳಿಗಾಲಕ್ಕೇ. "ಎದಿ, ಕಿವಿ, ಪಾದ ಬೆಚ್ಚಗ ಇಟ್ಕೋರಿ ಅಂದಾರ ಡಾಕ್ಟರ್. ಹ್ಯಾಂಗರೆ ಮಾಡಿ ಇಟ್ಕೋತೀನಿ. ಈ ಸಲ ಕೂಸಿಗಿ ನಾನೇ ಮೊದಲ ಎತ್ಕೋಬೇಕು" ಎಂದು ಅತ್ತೆ ದೀಪಾವಳಿಗೇ ಹೇಳಿದ್ದರು.

ಹೇಳಿದಷ್ಟು ಸುಲಭವಾಗಿ ತೊಡಲಿಕ್ಕೆ ಬರಲಿಲ್ಲ.

ಬಳೆ

ನನ್ನ ಗಂಡ ರಸ್ತೆ ಬದಿಯ ಸ್ವೆಟರ್ ಅಂಗಡಿಯಿಂದ ಮರೂನ್ ಬಣ್ಣದ ದಪ್ಪ ಸ್ವೆಟರ್ ತಂದರು. ಮುಂದೆ ಬಟನ್ ಇಲ್ಲದ, ತಲೆಯಿಂದ ಹಾಕಿಕೊಳ್ಳುವ ನಮೂನೆ. ಅತ್ತೆಯ ತಲೆ ಒಳಗೆ ಹೋಯಿತು, ತುರುಬು ಸಿಕ್ಕಿಕೊಂಡಿತು. ಕೈ ಒಳಗೆ ಹೋದವು, ಮಣಿಕಟ್ಟಿನ ಹತ್ತಿರ ನಿಂತವು. ಅತ್ತೆಗೆ ಎರಡೂ ಕೈತುಂಬ ಹಸಿರು ಗಾಜಿನ ಬಳೆ, ತೋಳಿನ ತುದಿಯೋ ಬಿಗಿ. ಹಿಂದಕ್ಕೂ ಬರುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ.

ಎರಡೂ ಕೈ ಮೇಲೆತ್ತಿ, ಮುಖ ಮುಚ್ಚಿಕೊಂಡು ನಿಂತ ಹೆಂಡತಿಯನ್ನು ನೋಡಿ ಮಾವನವರು ಕೇಳಿದರು, "ಯಾಕ, ಪೊಲೀಸರು ಬಂದಾರೇನು?"

"ಚೇಷ್ಟಾ ಆಮ್ಯಾಲ ಮಾಡ್ರಿ, ಮೊದಲ ಉಸರಾಡ್ಲಿಕ್ಕ ಒಂದು ತೂತ ಮಾಡ್ರಿ" ಎಂದು ಒಳಗಿನಿಂದ ಧ್ವನಿ ಬಂತು.

ಅತ್ತೆಯನ್ನು ಹೇಗೋ ಬಿಡಿಸಿದೆವು. ನಾನು ಕತ್ತರಿ ಬೇಡಿದೆ. ನಡುವೆ ಎರಡು ಸಾಲು ಹೊಲಿಗೆ ಹಾಕಿ, ಆ ಸಾಲುಗಳ ಮಧ್ಯೆ ಕತ್ತರಿಸಿ, ಅಂಚಿಗೆ ಬಟ್ಟೆಯ ಪಟ್ಟಿ ಕೊಟ್ಟರೆ ಉಣ್ಣೆ ಬಿಚ್ಚಿಕೊಳ್ಳುವುದಿಲ್ಲ. ತೋಳಿನ ತುದಿಯನ್ನೂ ಸೀಳಿ ಬಟನ್ ಹಚ್ಚಿದರೆ ಬಳೆ ಆರಾಮಾಗಿ ಹೋಗುತ್ತವೆ. ಇದನ್ನೆಲ್ಲ ವಿವರಿಸಿದರೂ ನನ್ನ ಗಂಡ ಕತ್ತರಿ ಕೊಡಲೊಲ್ಲರು. "ಹೊಸಾ ಸ್ವೆಟರ್ ಅದು, ಹರೀಬ್ಯಾಡ" ಅನ್ನುತ್ತಾರೆ.

ಅತ್ತೆ ಬಳೆ ಎಣಿಸುತ್ತ ಹೇಳಿದರು, "ಸ್ವೆಟರ್ ಹರದ್ರ ನಿನ್ನ ಹೆಂಡತಿ ಹೊಲೀತಾಳ. ಬಳಿ ಒಡದ್ರ ನಿಮ್ಮಪ್ಪಗ ಯಾರು ಹೊಲೀಬೇಕು?"

ಕತ್ತರಿಯನ್ನು ಮಾವನವರೇ ಎದ್ದು ತಂದುಕೊಟ್ಟರು.

ಸೆರಗು ಒಳಗೋ ಹೊರಗೋ

ಬಟನ್ನಿನ ಸ್ವೆಟರ್ ತಯಾರಾಯಿತು. ಈಗ ಸೆರಗು ಒಳಗಿರಬೇಕೋ ಹೊರಗಿರಬೇಕೋ? ಹೊರಗಿರಬೇಕಾದರೆ ಸೀರೆ ಉಡುವ ಮೊದಲೇ ಸ್ವೆಟರ್ ತೊಡಬೇಕು, ಬಿಸಿಲೇರಿದ ಮೇಲೆ ಅದನ್ನು ತೆಗೆಯಲು ಸೀರೆಯನ್ನೇ ಬಿಚ್ಚಬೇಕು. ಒಳಗಿದ್ದರೆ ತೊಡಲು ಬಿಡಲು ಸರಳ, ಆದರೆ ತಲೆಯ ಮೇಲೆ ಹೊದೆಯಲು ಸೆರಗೇ ಇಲ್ಲ.

"ನಾಸಿಕದಾಗ ಯಾರ ಮುಂದ ಸೆರಗು ಹೊದೀಬೇಕು ನಾ? ಒಳಗೇ ಇರ್ಲಿ ಬಿಡು" ಎಂದರು ಅತ್ತೆ.

ಯಾರ ಮುಂದೆ ಹೊದೆಯಬೇಕಿತ್ತೋ ಅವರು ಅದೇ ವಾರ ಹೇಳದೆ ಕೇಳದೆ ಬಂದಿಳಿದರು. ಮಾವನವರ ಅಣ್ಣ, ಅಂದರೆ ಅತ್ತೆಗೆ ಭಾವ. ಮದುವೆಯಾಗಿ ಬಂದ ದಿನದಿಂದ ಅತ್ತೆ ಭಾವನ ಮುಂದೆ ಬರಿ ತಲೆಯಲ್ಲಿ ನಿಂತವರಲ್ಲ. ಹಾಲಿನ ಚೀಲ ಹಿಡಿದು ಗೇಟಿನೊಳಗೆ ಬರುತ್ತಿದ್ದಾರೆ, ಎದುರಿಗೇ ಆಟೋದಿಂದ ಭಾವ ಇಳಿದರು. ಅತ್ತೆಯ ಕೈ ರೂಢಿಯಂತೆ ಹಿಂದಕ್ಕೆ ಹೋಯಿತು. ಸೆರಗು ಸಿಗಲಿಲ್ಲ. ಸಿಕ್ಕಿದ್ದು ಸ್ವೆಟರ್. ಅದನ್ನೇ ಜಗ್ಗಿ ತಲೆಯ ಮೇಲೆ ಎಳೆದುಕೊಂಡರು. ಕುತ್ತಿಗೆವರೆಗೆ ಬಟನ್ ಹಾಕಿದ್ದರಿಂದ ಮುಖವೂ ಒಳಗೆ ಹೋಯಿತು.

ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಕೆಳಗೆ ಸೀರೆ, ಮೇಲೆ ಸ್ವೆಟರ್, ಅದರ ಮೇಲೆ ಏನೂ ಇಲ್ಲ. ಒಳಗಿನಿಂದ ವಿನಯದ ಮಾತು ಮಾತ್ರ ಬರುತ್ತಿತ್ತು, "ಶರಣ್ರಿ ಭಾವ. ಎಲ್ಲಾ ಆರಾಮ ಅದರೇನ್ರಿ?"

ಭಾವನವರು "ಆರಾಮ, ಆರಾಮ" ಎಂದು ಲಗುಲಗು ಮೇಲೆ ಬಂದರು. ನೀರು ಕೊಟ್ಟೆ. ಕುಡಿದು, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು, "ನಿಮ್ಮ ಅತ್ತಿಯವರಿಗಿ ಏನಾಗ್ಯಾದವ್ವಾ? ಹೋದ ಸಲ ನಾ ಬಂದಾಗ ತಲಿ ಇತ್ತಲ್ಲ."

ಚಂಚಿ

ಭಾವನವರು ಊರಿಗೆ ಹೋದ ಮೇಲೆ ಹಳೆಯ ಸೀರೆಯ ಸೆರಗೊಂದನ್ನು ಎರಡು ಪದರು ಮಾಡಿ ಸ್ವೆಟರಿನ ಕತ್ತಿನ ಹಿಂದೆ ಹೊಲಿದೆ. ಎಳೆದರೆ ತಲೆ ಮುಚ್ಚುತ್ತದೆ, ಕಿವಿ ಬೆಚ್ಚಗಿರುತ್ತದೆ, ಬಿಟ್ಟರೆ ಬೆನ್ನ ಮೇಲೆ ಬೀಳುತ್ತದೆ. ಅತ್ತೆಗೆ ಅದು ಬಹಳ ಹಿಡಿಸಿತು.

ಉಳಿದದ್ದು ಚಂಚಿಯ ತೊಂದರೆ. ಎಲೆ ಅಡಿಕೆಯ ಆ ಬಟ್ಟೆಚೀಲ ಅತ್ತೆಯ ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತದೆ, ಈಗ ಅದು ಸ್ವೆಟರಿನೊಳಗೆ. ಒಂದು ಎಲೆಗಾಗಿ ಅಷ್ಟೂ ಬಟನ್ ಬಿಚ್ಚಬೇಕು, ಎದೆಗೆ ಗಾಳಿ ಬಡಿಯಬೇಕು. ಒಂದು ದಿನ ಮುಂಜಾನೆ ಸಂತೆಯಲ್ಲಿ ಕೊತ್ತಂಬರಿ ಆರಿಸುತ್ತ ಕುಳಿತವರಿಗೆ ಎಲೆಯ ನೆನಪಾಯಿತು. ಕೈಯಲ್ಲಿದ್ದ ಕೊತ್ತಂಬರಿಯ ಸೂಡು ಕೆಳಗಿಟ್ಟು ಮೇಲಿನಿಂದ ಒಂದೊಂದೇ ಬಟನ್ ಬಿಚ್ಚತೊಡಗಿದರು. ಕೊತ್ತಂಬರಿಯವಳು ಗಾಬರಿಯಾಗಿ ಎದ್ದು ತನ್ನ ಗೋಣಿತಟ್ಟನ್ನು ಅತ್ತೆಗೆ ಅಡ್ಡ ಹಿಡಿದು, "ಆಜೀ, ಇಥೆ ನಕೋ, ಘರೀ ಜಾ" ಅಂದಳಂತೆ. ಇಲ್ಲಿ ಬೇಡ, ಮನೆಗೆ ಹೋಗು ಅಂತ.

"ಅಕಿ ಏನ್ ತಿಳ್ಕೊಂಡಳು ನನಗ?" ಎಂದು ಅತ್ತೆ ಬುಸುಗುಡುತ್ತ ಬಂದರು. ನಾನು ಆವತ್ತೇ ಸ್ವೆಟರಿನ ಎರಡೂ ಬದಿಗೆ ದೊಡ್ಡ ಕಿಸೆ ಹಚ್ಚಿದೆ. ಮೆತ್ತಗಿರಲೆಂದು ಒಳಗೆ ಹಳೆಯ ಕೌದಿಯ ತುಂಡು ಹಾಕಿದೆ. ಚಂಚಿ ಒಂದು ಕಿಸೆಗೆ ಹೋಯಿತು. ಅದರ ಹಿಂದೆಯೇ ಅತ್ತೆಯ ಕೈಗಳೂ ಹೋದವು, ಮತ್ತೆ ಹೊರಗೆ ಬರಲಿಲ್ಲ. ಬೆಳ್ಳುಳ್ಳಿ ಸುಲಿದುಕೊಡಿ ಅಂದರೆ, "ಕಿಸಿ ಹಚ್ಚಿದಾಕಿ ನೀನು, ನೀನೇ ಸುಲಿ" ಅನ್ನುತ್ತಿದ್ದರು.

ಒಲ್ಲೆ ಅಂದದ್ದು

ಎದೆ, ಕಿವಿ ಆಯಿತು. ಪಾದಕ್ಕೆ ಹೆಬ್ಬೆರಳು ಬೇರೆ ಇರುವ ಕಾಲುಚೀಲ ತಂದೆ, ಚಪ್ಪಲಿ ಹಾಕಲು ಅಡ್ಡಿಯಿಲ್ಲ. ಅದರ ಜೊತೆ, ಸೀರೆಯೊಳಗೆ ತೊಡಲೆಂದು ತೆಳ್ಳನೆಯ ಥರ್ಮಲ್ ಪ್ಯಾಂಟನ್ನೂ ತಂದಿದ್ದೆ. ಅದನ್ನು ನೋಡಿದ್ದೇ ಅತ್ತೆ ಮುಖ ತಿರುಗಿಸಿದರು. "ಪ್ಯಾಂಟ್ ಹಾಕ್ಕೊಂಡು ನಾ ಲಿಂಗಪೂಜಾಕ ಕೂಡಬೇಕೇನು? ಒಲ್ಲೆ ಅಂದ್ರ ಒಲ್ಲೆ." ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಸ್ವಲ್ಪ ದಿನದ ಮೇಲೆ ಮಾವನವರು ವಾಕಿಂಗ್ ಮುಗಿಸಿ ಬಹಳ ಖುಷಿಯಲ್ಲಿ ಬಂದರು. "ಏನವ್ವಾ, ನನಗ ಹೊಸಾ ಥರ್ಮಲ್ ತಂದೀದಿ, ಹೇಳೇ ಇಲ್ಲ? ಮಸ್ತ್ ಬೆಚ್ಚಗದ. ಖರೆ, ಸ್ವಲ್ಪ ಗಿಡ್ಡ ಆಗ್ಯಾದ" ಎನ್ನುತ್ತ ಧೋತರ ತುಸು ಎತ್ತಿ ತೋರಿಸಿದರು. ಮೀನಖಂಡದ ಮೇಲೆ ಗುಲಾಬಿ ಬಣ್ಣದ ಲೇಸು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒಳಗಿನಿಂದ ಬಂದರು. "ಬಿಚ್ರಿ ಅದಕ. ಮುಂಜಾನಿಂದ ನಡುಗ್ಲಕತ್ತೀನಿ, ಹಗ್ಗದ ಮ್ಯಾಲಿಂದು ಎಲ್ಲಿ ಹೋಯ್ತಂತ ಹುಡುಕಿ ಹುಡುಕಿ ಸಾಕಾಯ್ತು."

ಮಾವನವರು ಒಮ್ಮೆ ಲೇಸು ನೋಡಿದರು, ಒಮ್ಮೆ ಹೆಂಡತಿಯ ಮುಖ ನೋಡಿದರು. "ಇದು ನಿಂದಾ? ನೀ ಒಲ್ಲೆ ಅಂದಿದ್ದಿಯಲ್ಲ?"

"ಒಲ್ಲೆ ಅಂತ ಅಂದೀನಿ. ಹಾಕ್ಕೊಳಂಗಿಲ್ಲ ಅಂತ ಎಲ್ಲಿ ಅಂದೀನಿ?"

ಕೈ ತೋರಿಸಿ

ಸಂಕ್ರಾಂತಿ ಮುಗಿಯಿತು. ಅತ್ತೆಗೆ ಕೆಮ್ಮು ಬಂದಿರಲಿಲ್ಲ. ನಾದಿನಿಗೆ ದಿನ ಹತ್ತಿರ ಬಂತೆಂದು ಫೋನ್ ಬಂದ ಕೂಡಲೆ ನಾನು ಅತ್ತೆಯನ್ನು ಕರೆದುಕೊಂಡು ಸಂಭಾಜಿನಗರದ ಬಸ್ ಹತ್ತಿದೆ. ಬಸ್ಸಿನ ಕಿಟಕಿ ಸರಿಯಾಗಿ ಮುಚ್ಚುತ್ತಿರಲಿಲ್ಲ, ಸಂದಿಯಿಂದ ಗಾಳಿ ಸುಂಯ್ ಅನ್ನುತ್ತಿತ್ತು. ನನ್ನ ಲಕ್ಷ್ಯವೆಲ್ಲ ಅತ್ತೆಯ ಗಂಟಲಿನ ಕಡೆಗೇ. ದಾರಿಯಲ್ಲಿ ಯೇವಲಾ ಊರು ದಾಟಿದ ಮೇಲೆ ಒಮ್ಮೆ ಅತ್ತೆ ಗಂಟಲು ಕೆರೆದುಕೊಂಡರು. ನಾನು ತಿರುಗಿ ಅವರ ಮುಖವನ್ನೇ ನೋಡಿದೆ.

"ಹಂಗ ನೋಡಬ್ಯಾಡ. ಅಡಿಕಿ ಚೂರು ಅದು, ಕೆಮ್ಮಲ್ಲ" ಎಂದರು ಅತ್ತೆ. ಅಂದರು, ಆದರೆ ಅಲ್ಲಿಂದ ಮುಂದೆ ಅವರೂ ಅಡಿಕೆ ಬಾಯಿಗೆ ಹಾಕಲಿಲ್ಲ. ಅವರಿಗೂ ನನ್ನಷ್ಟೇ ಹೆದರಿಕೆ ಇತ್ತು.

ಬಾಗಿಲು ತೆರೆದ ಬೀಗತಿ ಅತ್ತೆಯನ್ನು ಮೇಲಿನಿಂದ ಕೆಳಗೆ ನೋಡಿದರು. ತಲೆಯ ಮೇಲೆ ಹೊಲಿದ ಸೆರಗು, ಸೀಳಿದ ಸ್ವೆಟರ್, ಎರಡು ಕಿಸೆ, ಕಾಲಿಗೆ ಹೆಬ್ಬೆರಳಿನ ಚೀಲ. "ಅಯ್ಯ ಬೀಗತಿ, ಕಾಶ್ಮೀರಕ್ಕ ಹೊಂಟಿದ್ರೇನ್ರಿ? ದಾರಿ ತಪ್ಪಿ ನಮ್ಮ ಮನಿಗಿ ಬಂದೀರಿ ನೋಡ್ರಿ" ಎಂದು ನಕ್ಕರು. ಅವರು ತೆಳ್ಳನೆಯ ಸೀರೆಯಲ್ಲಿ, ಮೇಲೊಂದು ಶಾಲೂ ಇಲ್ಲದೆ ನಿಂತಿದ್ದರು. "ನಂಗೇನು ಥಂಡಿ ಹತ್ತಂಗಿಲ್ರಿ." ಅತ್ತೆ ಚಪ್ಪಲಿ ಬಿಟ್ಟು ಒಳಗೆ ನಡೆದರು. ಕೈ ಕಿಸೆಯಲ್ಲೇ ಇತ್ತು.

ಮರುದಿನ ಮುಂಜಾನೆ ನಾದಿನಿಗೆ ಬೇನೆ ಎದ್ದಿತು. ಆಸ್ಪತ್ರೆಯ ವರಾಂಡದ ಕಲ್ಲುಬೆಂಚು ಬರ್ಫಿನಂತಿತ್ತು. ನಾನು, ಅತ್ತೆ, ಬೀಗತಿ ಕುಳಿತೆವು, ನಾದಿನಿಯ ಗಂಡ ಚಹಾ ತರಲು ಬೈಕ್ ಮೇಲೆ ಹೋಗಿ ಬಂದ. ಹೊತ್ತೇರುವುದರೊಳಗೆ ನರ್ಸ್‌ಬಾಯಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸು ತಂದಳು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದಳು. ನನ್ನ ಕಣ್ಣಿಗೆ ನೀರು ಬಂತು.

"ಬಾಳ ಕೋಣ ಘೇಣಾರ?" ಕೂಸನ್ನು ಯಾರು ಎತ್ತಿಕೊಳ್ಳುತ್ತೀರಿ ಎಂದು ನರ್ಸ್‌ಬಾಯಿ ಕೇಳಿದಳು.

ಬೀಗತಿ ಎರಡು ಹೆಜ್ಜೆ ಮುಂದೆ ಬಂದು ಕೈ ಚಾಚಿದರು. ಹೋದ ಸಲವೂ ಅವರೇ ಎತ್ತಿಕೊಂಡಿದ್ದರು. ಅತ್ತೆ ಎದ್ದವರು ಅಲ್ಲೇ ನಿಂತುಬಿಟ್ಟರು. "ನಂಗ ಕೆಮ್ಮಿಲ್ರಿ" ಎಂದು ಯಾರೂ ಕೇಳದಿದ್ದರೂ ನರ್ಸ್‌ಬಾಯಿಗೆ ಕನ್ನಡದಲ್ಲೇ ಹೇಳಿದರು.

ನರ್ಸ್‌ಬಾಯಿ ಕೂಸನ್ನು ಎದೆಗವಚಿಕೊಂಡು, "ಆಧೀ ಹಾತ ದಾಖವಾ" ಎಂದಳು. ಮೊದಲು ಕೈ ತೋರಿಸಿ. ಬೀಗತಿಯ ಕೈ ಮುಟ್ಟಿ ತನ್ನ ಕೈ ಹಿಂದಕ್ಕೆಳೆದುಕೊಂಡಳು. ಬೈಕಿನಲ್ಲಿ ಬಂದ ಕೂಸಿನ ಅಪ್ಪನ ಕೈ ಅದಕ್ಕಿಂತ ತಣ್ಣಗೆ. ನಾನು ಆಗತಾನೇ ಚಹಾದ ಲೋಟ ತೊಳೆದಿದ್ದೆ, ನನ್ನ ಕೈ ಕೇಳುವುದೇ ಬೇಡ. ಕೊನೆಗೆ ಅತ್ತೆ ಕಿಸೆಯಿಂದ ಕೈ ತೆಗೆದರು. ನರ್ಸ್‌ಬಾಯಿ ಆ ಕೈಗಳನ್ನು ಹಿಡಿದು ಬಿಡದೆ ಸ್ವಲ್ಪ ಹೊತ್ತು ತಾನೇ ಕಾಸಿಕೊಂಡಳು. ಆಮೇಲೆ ಕೂಸನ್ನು ಅವುಗಳ ಮೇಲಿಟ್ಟಳು.

ಅತ್ತೆ ಕೂಸಿನ ಮುಖ ನೋಡಿದರು. ಹಸಿರು ಬಳೆ ಸದ್ದು ಮಾಡದ ಹಾಗೆ ಮೆಲ್ಲಗೆ ಕುಳಿತರು. ಇಡೀ ಚಳಿಗಾಲ ನನ್ನ ಎದೆಯ ಮೇಲೆ ಕುಳಿತಿದ್ದ ಭಾರ ಆಗ ಇಳಿಯಿತು.

ಆದರೆ ಅಂದಿನಿಂದ ಅತ್ತೆಗೆ ಹೊಸ ಅಧಿಕಾರ ಬಂದಂತಾಯಿತು. ಕೂಸು ನೋಡಲು ಯಾರೇ ಬರಲಿ, "ಕೈ ತೋರಸ್ರಿ." ಬೀಗತಿ ಎರಡೂ ಅಂಗೈ ತಿಕ್ಕಿಕೊಂಡು ಬಂದರು, ಪಾಸಾಗಲಿಲ್ಲ. ಅಷ್ಟರಲ್ಲಿ ಹೆರಿಗೆ ಮಾಡಿಸಿದ ಡಾಕ್ಟರ್‌ಬಾಯಿಯೇ ಕೂಸನ್ನು ನೋಡಲು ಬಂದರು. ಅತ್ತೆ ಕೂಸನ್ನು ಬಿಡದೆ ತಲೆ ಎತ್ತಿದರು, "ಹಾತ ದಾಖವಾ." ಡಾಕ್ಟರ್‌ಬಾಯಿ ನಗುತ್ತ ಕೈ ಚಾಚಿದರು. ಕೈ ತಣ್ಣಗಿತ್ತು. ಅತ್ತೆ ತಮ್ಮ ಕಿಸೆಗಳ ಕಡೆ ಗದ್ದದಿಂದ ಸನ್ನೆ ಮಾಡಿ ತೋರಿಸಿದರು. ಅಷ್ಟು ದೊಡ್ಡ ಡಾಕ್ಟರ್‌ಬಾಯಿ ಬಗ್ಗಿ, ಎರಡೂ ಕೈಗಳನ್ನು ಅತ್ತೆಯ ಸ್ವೆಟರಿನ ಎರಡು ಕಿಸೆಯೊಳಗೆ ಇಟ್ಟುಕೊಂಡು ಸುಮ್ಮನೆ ನಿಂತರು. ಅವರ ಹಿಂದೆ ಪಾಳಿಯಲ್ಲಿ ಬೀಗತಿ.

ಪಾಳಿಯಲ್ಲಿ ನಿಂತೇ ಬೀಗತಿ ನನ್ನ ಕಿವಿಯ ಹತ್ತಿರ ಬಂದು ಹೇಳಿದರು, "ತಂಗಿ, ನಂಗೂ ಇಂಥಾದೊಂದು ಹೊಲದ ಕೊಡವ್ವಾ. ಕಿಸಿ ಮಾತ್ರ ಇನ್ನಾ ದೊಡ್ಡದಿರ್ಲಿ. ಡಾಕ್ಟರ್ ಬಂದ್ರ ಅವರ ಕೈ ಜೋಡಿ ನಮ್ಮ ಕೈನೂ ಒಳಗ ಹಿಡಿಸಬೇಕು."