ಬೀದಿಯೆಲ್ಲ ಮಗ್ಗ ನಿಲ್ಲಿಸಿ ಕೇಳಿದ ನನ್ನ ಹಾಡು

ಆಗ ನನಗೆ ಅರವತ್ತೆಂಟು. ಇದಾಗಿ ಮೂರು ವರ್ಷ. ತಮಿಳು ಸೀಮೆಯ ಸೋಮನೂರಿನಲ್ಲಿ, ಮನೆಯೊಳಗೆ ಕನ್ನಡ ಮಾತಾಡುವ ನೇಕಾರರ ನಮ್ಮ ಬೀದಿಯಲ್ಲಿ ನನ್ನಷ್ಟು ಹಾಡು ಗೊತ್ತಿದ್ದವರು ಯಾರೂ ಇರಲಿಲ್ಲ. ಜಂಬವಲ್ಲ, ಈಗಲೂ ಇಲ್ಲ. ನಲವತ್ತು ವರ್ಷ ನಮ್ಮ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗದ ಮುಂದೆ ನಿಂತು ಹಾಡಿದವಳು ನಾನು. ಹಾಡು ತಮಿಳು, ಎಳೆ ಕಡಿದರೆ ಬೈಗುಳ ಕನ್ನಡ. ಕರೆಂಟ್ ಹೋದರೆ ಎರಡೂ ಇಲ್ಲ, ಮಲಗಿಬಿಡುತ್ತಿದ್ದೆ.

ರೇಡಿಯೋದಲ್ಲಿ ದಿನಾ ಬೆಳಗ್ಗೆ ಒಂದು ಹುಡುಗಿ, ಸಂಗೀತದಲ್ಲಿ ಇದೇ ತಾರೀಖು ಏನೇನಾಯಿತು ಅಂತ ಪಟ್ಟಿ ಓದುತ್ತಾಳೆ. ಒಬ್ಬ ಗಾಯಕ ಹುಟ್ಟಿದ, ಇನ್ನೊಬ್ಬ ಸತ್ತ, ಯಾವುದೋ ದೇಶದಲ್ಲಿ ಒಟ್ಟಿಗೆ ಹಾಡುತ್ತಿದ್ದ ಹುಡುಗರು ಜಗಳವಾಡಿ ಬೇರೆಯಾದರು. ಅಣ್ಣತಮ್ಮಂದಿರು ಬೇರೆಯಾಗುವುದು ನಮ್ಮ ಬೀದಿಯಲ್ಲಿ ಇದ್ದದ್ದೇ; ಯಾರೂ ತಾರೀಖು ಬರೆದಿಟ್ಟಿಲ್ಲ.

ಅವತ್ತು ಅವಳು ಒಂದು ಹಳೇ ಸಿನಿಮಾ ಹಾಡು ಹೇಳಿ, ಇದು ಬಂದದ್ದು ಇದೇ ದಿನ, ಫೋನಿನಲ್ಲಿ ಇದನ್ನು ಪೂರ್ತಿ ಹಾಡಿದವರ ಹೆಸರು ನಾಳೆ ಪಟ್ಟಿಯಲ್ಲಿ ಓದುತ್ತೇನೆ ಅಂದಳು. ಸೊಸೆ ರಾಧೆ ನನ್ನ ಪರವಾಗಿ ರೇಡಿಯೋದವರಿಗೆ ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ನಾವೇ ಕರೆಯುತ್ತೇವೆ ಅಂದರಂತೆ. ಆ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಬೀದಿಗೆಲ್ಲ ಸಾರಿದೆ. ಓರಗಿತ್ತಿ ನಾಗಮ್ಮನಿಗೆ ಎರಡು ಸಲ ಹೇಳಿದೆ. ನಾನು ಹಾಡುವುದಲ್ಲ, ಕಿರುಚುವುದು ಅಂತ ಈ ಮನೆಗೆ ಬಂದಾಗಿನಿಂದ ಹೇಳಿಕೊಂಡು ಬಂದವಳು ಅವಳು.

"ಇವತ್ತು ಕೇಳಿಯೇ ಬಿಡೋಣ ಅಕ್ಕ," ಅಂದಳು.

ಫೋನ್ ಬಂತು. ನನ್ನ ಹಾಡು ಚೆನ್ನಾಗಿ ಕೇಳಿಸಲಿ ಅಂತ ಬೀದಿಯವರೆಲ್ಲ ಮಗ್ಗ ನಿಲ್ಲಿಸಿಬಿಟ್ಟರು.

"ಪಾಟಿ, ಹಾಡಿ," ಅಂದಳು ರೇಡಿಯೋ ಹುಡುಗಿ. ತಮಿಳಿನಲ್ಲಿ ಪಾಟಿ ಅಂದರೆ ಅಜ್ಜಿ.

ಬಾಯಿ ತೆರೆದೆ. ಒಂದು ಪದವೂ ಬರಲಿಲ್ಲ. ಮಗ್ಗದ ಹೊಡೆತ ಹಿಡಿದುಕೊಂಡೇ ಹಾಡಿ ಅಭ್ಯಾಸ. ಹೊಡೆತವೇ ಇಲ್ಲದೆ ಎಲ್ಲಿಂದ ಶುರು ಮಾಡುವುದು?

"ರಾಧೆ, ಮಗ್ಗ ಓಡಿಸೇ!"

"ಅಯ್ಯೋ ಅತ್ತೆ, ಫೋನಲ್ಲಿ ಏನೂ ಕೇಳಿಸಲ್ಲ!"

"ಓಡಿಸು ಅಂದ್ರೆ ಓಡಿಸು!"

ಓಡಿಸಿದಳು. ಹಾಡು ನೀರಿನ ಹಾಗೆ ಬಂತು, ಮೂರು ಚರಣವೂ. ಮುಗಿಸಿ ಫೋನ್ ಕಿವಿಗಿಟ್ಟರೆ ಆ ಕಡೆ ಯಾರೂ ಇಲ್ಲ. ಪಕ್ಕದ ತನ್ನ ಮನೆಯಲ್ಲಿ ರೇಡಿಯೋ ಕೇಳುತ್ತಿದ್ದ ನಾಗಮ್ಮ ಓಡಿ ಬಂದಳು. "ಅಕ್ಕ, ಲಾರಿ ದಿಣ್ಣೆ ಹತ್ತಿದ ಹಾಗೆ ಬಂತು. ಪಾಟಿ ಮನೇಲಿ ಏನೋ ರಿಪೇರಿ ನಡೀತಿದೆ ಅಂತ ಹೇಳಿ ಆ ಹುಡುಗಿ ಫೋನ್ ಇಟ್ಟು ಜಾಹೀರಾತು ಹಾಕಿಬಿಟ್ಟಳು."

"ಫೋನಿನ ತಪ್ಪು," ಅಂದೆ. ಈಗಲೂ ಹಾಗೇ ಅನ್ನುತ್ತೇನೆ.

ಮಾರನೇ ದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಮೊಣಕಾಲಿನ ಮೇಲೆ ತಾಳ ತಟ್ಟಿಕೊಂಡು ಒಂದು ಸಾಲು ಹಾಡಿದೆ. ಮಗ್ಗದ ಸದ್ದಿಲ್ಲದೆ ನನ್ನ ಗಂಟಲು ಹೇಗಿದೆ ಅಂತ ನಾನು ಕೇಳಿದ್ದು ಅದೇ ಮೊದಲು. ನಾಗಮ್ಮ ಎದ್ದು ಕೇಳಿಸಿಕೊಳ್ಳುವುದರೊಳಗೆ ಮಗ್ಗ ಓಡಿಸಿಬಿಟ್ಟೆ.