ಮೂರು ದಿನದ ಮದುವೆಗೆ ಮಂಡ್ಯದ ಮೇಡಂ

ನಮ್ಮ ಕಡೆಯ ಮದುವೆಗೆ ಹೊಸಬರನ್ನು ಕರೆದೊಯ್ದರೆ ಏನಾದರೊಂದು ಆಗಿಯೇ ಆಗುತ್ತದೆ. ಅವರು ಗಾಬರಿಯಾಗುತ್ತಾರೆ, ಅವರನ್ನು ನೋಡಿ ನಾವು ಗಾಬರಿಯಾಗುತ್ತೇವೆ. ಇಷ್ಟು ಗೊತ್ತಿದ್ದೂ, ಬಸವನ ಬಾಗೇವಾಡಿಯಲ್ಲಿ ನಡೆದ ಅಣ್ಣನ ಮಗಳ ಮದುವೆಗೆ, ಸಿಂದಗಿಯ ನಮ್ಮ ಕಾಲೇಜಿಗೆ ಹೊಸದಾಗಿ ಬಂದಿದ್ದ ಮಂಡ್ಯದ ಮೇಡಂ ಅವರನ್ನು ಕರೆದುಕೊಂಡು ಹೋದೆ.

ಅಣ್ಣನಿಗೆ ಇದ್ದದ್ದು ಒಂದೇ ಚಿಂತೆ. ಬೀಗರು ಮುದ್ದೇಬಿಹಾಳದವರು, ಒಳ್ಳೆಯ ಜನ. ಆದರೆ ವರನ ಸೋದರಮಾವ ಬಲು ಸಿಟ್ಟಿನ ಆಸಾಮಿ. ಹಿಂದೆ ಯಾವುದೋ ಮದುವೆಯಲ್ಲಿ ಚಹಾ ಆರಿತ್ತೆಂದು ಎದ್ದು ನಡೆದಿದ್ದರಂತೆ, ಅವರ ಹಿಂದೆ ನಿಬ್ಬಣದವರೆಲ್ಲ ಎದ್ದು ನಡೆದಿದ್ದರಂತೆ. "ಆ ಮನಷ್ಯಾ ಒಬ್ಬಾಂವ ಸಿಟ್ಟಾಗದಂಗ ನೋಡ್ಕೋರಿ, ಸಾಕು," ಎಂದು ಅಣ್ಣ ಮನೆಮಂದಿಗೆಲ್ಲ ಹೇಳಿಟ್ಟಿದ್ದ.

ಚಪ್ಪಲಿ ಕಣ್ಣೆದುರಿಗೇ ಇರಲಿ

ಮೇಡಂ ಬಂದದ್ದು ಅರಿಷಿಣದ ದಿನ, ಒಂದು ಹೊತ್ತಿನ ಮಟ್ಟಿಗೆ. ಸಂಜೆ ಹೊರಡಬೇಕೆಂದರೆ ಚಪ್ಪಲಿ ಇಲ್ಲ, ಬ್ಯಾಗೂ ಇಲ್ಲ. ಮುಖ ಬಿಳಿಚಿಕೊಂಡು ಬಂದು, ಪೊಲೀಸರಿಗೆ ಹೇಳೋಣವೇ ಎಂದು ನನ್ನ ಕಿವಿಯಲ್ಲಿ ಕೇಳಿದರು. ಅಲ್ಲೇ ಕೂತಿದ್ದ ಇಂಗಳೇಶ್ವರದ ನಮ್ಮ ದೊಡ್ಡವ್ವ, ಜೋಳದ ಚೀಲದ ಹಿಂದೆ ತಾನೇ ಇಟ್ಟಿದ್ದೇನೆಂದೂ, ಮದುವೆ ಮುಗಿದ ಮೇಲೆ ಕೊಡುತ್ತೇನೆಂದೂ ನಿರುಮ್ಮಳವಾಗಿ ಹೇಳಿದಳು. ಮನೆಯಲ್ಲಿ ಕಾಯುತ್ತಾರೆ ಎಂದು ಮೇಡಂ ಗೋಗರೆದರೆ, ಅವರ ಯಜಮಾನರಿಗೇ ಫೋನ್ ಹಚ್ಚಿಸಿದಳು. "ನಿಮ್ಮ ಹೆಂಡ್ತಿ ಚಪ್ಪಲಿ ನಮ್ಮ ಕಡೆ ಅದಾವ್ರಿ. ಬೇಕಂದ್ರ ನೀವೂ ಮದುವಿಗಿ ಬರ್ರಿ."

ಮಕ್ಕಳನ್ನು ಅಪಹರಿಸುವವರೂ ಇದಕ್ಕಿಂತ ಮೆತ್ತಗೆ ಮಾತಾಡುತ್ತಾರೆ.

ಎಲೆ ಬಿಟ್ಟು ಕೈ ಎತ್ತಬಾರದು

ಊಟಕ್ಕೆ ಗೋಧಿ ಹುಗ್ಗಿ, ಮೇಲೆ ತುಪ್ಪ. 'ಸಾಕು' ಎಂದರೆ ನಮ್ಮವರಿಗೆ 'ಇನ್ನೊಂದು ಸೌಟು' ಎಂದು ಕೇಳಿಸುತ್ತದೆಂದು ಮೊದಲೇ ಹೇಳಿದ್ದೆ. ಮೇಡಂ ಎರಡೂ ಕೈ ಎಲೆಗೆ ಅಡ್ಡ ಹಿಡಿದು ಕೋಟೆ ಕಟ್ಟಿಕೊಂಡು ಕೂತರು. ಬಡಿಸುತ್ತಿದ್ದ ನಮ್ಮ ಕಾಕಾ ಬಕೆಟ್ ಹಿಡಿದು ಅಲ್ಲಾಡದೆ ನಿಂತ. ಕಡೆಗೆ ಮೇಡಂ ಸೋತು, ದಮ್ಮಯ್ಯ, ಬೇಡ ಎಂದು ಕೈ ಮುಗಿದರು. ಕೋಟೆ ಬಯಲಾದದ್ದೇ ತಡ, ಎರಡು ಸೌಟು ಹುಗ್ಗಿ ಎಲೆಯ ಮೇಲಿತ್ತು.

"ಅಕ್ಕೋರು ಕೈ ಮುಗದು ಕೇಳಿದ್ರ ಹ್ಯಾಂಗ ಇಲ್ಲ ಅನ್ನೂದು?" ಎಂದು ಕಾಕಾ ಮುಂದಿನ ಎಲೆಗೆ ಹೋದ.

ಹಾಡು ಕೇಳಿ ಹೆದರಬಾರದು

ಮರುದಿನ ಬೀಗರು ಕ್ರೂಸರ್ ಗಾಡಿಯಿಂದ ಇಳಿಯುತ್ತಲೇ ನಮ್ಮ ಹೆಂಗಸರು ಬಾಗಿಲಲ್ಲಿ ನಿಂತು ಹಾಡು ಶುರುಮಾಡಿದರು. ವರನ ಅಪ್ಪನ ಮೀಸೆ ಸವೆದ ಕಸಬರಿಗೆಯಂತೆ. ವರನ ಅವ್ವನ ಬಾಯಿ ಗಿರಣಿ, ಕರೆಂಟ್ ಹೋದರೂ ನಿಲ್ಲುವುದಿಲ್ಲವಂತೆ. ಮೇಡಂ ನನ್ನ ತೋಳು ಹಿಡಿದುಕೊಂಡರು. "ಬಾಗಿಲಿಗೆ ಬಂದವರನ್ನ ಹಿಂಗಾ ಬಯ್ಯೋದು? ಅವ್ರು ವಾಪಸ್ ಹೋಗ್ಬಿಟ್ರೆ ಹುಡುಗಿ ಗತಿ ಏನ್ರಿ?"

ಬೀಗರನ್ನು ಹಾಡಿನಲ್ಲಿ ಬೈಯುವುದೇ ನಮ್ಮಲ್ಲಿ ಮರ್ಯಾದೆ ಎಂದರೆ ಅವರು ನಂಬಲಿಲ್ಲ. ಹಾಡು ಮುಗಿದದ್ದೇ, ಎಲ್ಲರ ಪರವಾಗಿ ವರನ ತಾಯಿಯ ಕ್ಷಮೆ ಕೇಳಿಬಿಟ್ಟರು. ಆಕೆಯ ಮುಖ ನಿಜಕ್ಕೂ ಬಾಡಿತು. "ಯಾಕ್ರಿ, ಇಷ್ಟಕ್ಕ ಮುಗಸಿದ್ರೇನು? ನನ್ನ ಸೀರಿ ಮ್ಯಾಲ ಒಂದೂ ಹಾಡಲಿಲ್ಲ."

ಸೋದರಮಾವ

ಮೂರನೆಯ ದಿನ ತಾಳಿಯಾಯಿತು, ಅಕ್ಕಿಕಾಳು ಬಿತ್ತು. ನಿಬ್ಬಣದವರು ಊಟಕ್ಕೆ ಕೂತರು. ಆದರೆ ಒಬ್ಬರೂ ತುತ್ತು ಎತ್ತುತ್ತಿಲ್ಲ. ನೋಡಿದರೆ ಸೋದರಮಾವ ಹೊರಗೆ ಪೆಂಡಾಲಿನಲ್ಲಿ ಮುಖ ತಿರುಗಿಸಿ ಕೂತಿದ್ದಾರೆ. ನಾನೂ ಅಣ್ಣನೂ ಓಡಿದೆವು. ಚಹಾ ಆರಿತ್ತೇ? ಹೊದಿಸಿದ ಶಾಲು ಸರಿಯಿಲ್ಲವೇ? ಅಣ್ಣ ಕಾಲು ಹಿಡಿಯುವುದೊಂದು ಬಾಕಿ. ಆಮೇಲೆ ಅವರು ಬಾಯಿ ಬಿಟ್ಟರು.

"ಎಲ್ಲಾರನ್ನೂ ಬೈದ್ರಿ. ನನ್ನ ಹೆಸರು ಒಬ್ಬರೂ ಎತ್ತಲಿಲ್ಲ. ನಾ ಏನು ಹುಡುಗನ ಮಾವ ಅಲ್ಲೇನು?"

ಇವರ ಸಿಟ್ಟಿಗೆ ಹೆದರಿ, ಇವರೊಬ್ಬರ ಸುದ್ದಿಗೆ ಹೋಗಬೇಡಿರೆಂದು ಹಾಡುವವರಿಗೆ ತಾಕೀತು ಮಾಡಿದ್ದವನು ಅಣ್ಣನೇ. ಈಗಲೇ ಹಾಡಿಸುತ್ತೇನೆ ಎಂದ. "ಕೇಳಿ ಬೈಸ್ಕೊಂಡ್ರ ಅದಕ್ಕೇನು ಕಿಮ್ಮತ್ತು?" ಎಂದು ಅವರು ಎದ್ದೇಬಿಟ್ಟರು. ಒಳಗೆ ಪಂಕ್ತಿಯಲ್ಲಿ ನಾಲ್ಕೈದು ಜನರೂ ಎದ್ದು ನಿಂತದ್ದು ಕಾಣಿಸಿತು. ಬಾಸಿಂಗ ಕಟ್ಟಿಕೊಂಡಿದ್ದ ನಮ್ಮ ಹುಡುಗಿ ಅಳುವುದೊಂದು ಬಾಕಿ.

ಅಷ್ಟರಲ್ಲಿ ಪಂಕ್ತಿಯ ಕಡೆಯಿಂದ ಮೇಡಂ ಧುಮುಧುಮು ಉರಿಯುತ್ತ ಬಂದರು. ಈ ಮಾತುಕತೆ ಒಂದೂ ಅವರಿಗೆ ಗೊತ್ತಿಲ್ಲ. ಈ ಮನುಷ್ಯ ಯಾರೆಂದೂ ಗೊತ್ತಿಲ್ಲ.

"ರೀ ಯಜಮಾನ್ರೇ, ಮಕ್ಕಳುಮರಿ ಎಲೆ ಮುಂದೆ ಹಸ್ಕೊಂಡು ಕೂತವ್ರೆ. ಆ ಮದುವೆ ಹೆಣ್ಣಿಗೇ ಇಷ್ಟು ಬಿಂಕ ಇಲ್ಲ. ತಾಳಿ ಕಟ್ಟಿಸ್ಕೊಂಡಿದ್ದು ಅವಳಾ, ನೀವಾ?"

ಅಣ್ಣ ಕಣ್ಣು ಮುಚ್ಚಿಕೊಂಡ. ಸೋದರಮಾವ ಮೇಡಂ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೀಸೆ ಒಮ್ಮೆ ಅಲುಗಿತು.

"ಇದು ನೋಡ್ರಿ ಬೈಗುಳ," ಎಂದರು.

ಶಾಲು ಸರಿಮಾಡಿಕೊಂಡು ಪಂಕ್ತಿಗೆ ನಡೆದರು. ದಾರಿಯಲ್ಲಿ ಸಿಕ್ಕವರಿಗೆಲ್ಲ, ತನ್ನನ್ನು ತಾಳಿ ಕಟ್ಟಿಸಿಕೊಂಡವನೆಂದು ಬೈದರೆಂದು ಹೆಮ್ಮೆಯಿಂದ ಹೇಳುತ್ತ ಹೋದರು. ಅವರು ಯಾರೆಂದು ನಾನು ಹೇಳಿದೊಡನೆ ಮೇಡಂ ತಪ್ಪಾಯಿತೆಂದು ಹೇಳಿ ಬರುತ್ತೇನೆ ಎನ್ನುತ್ತ ಅವರ ಹಿಂದೆ ಓಡಲು ಹೊರಟರು.

ದೊಡ್ಡವ್ವ ಅವರ ಸೆರಗು ಹಿಡಿದು ಜಗ್ಗಿ ಕೂರಿಸಿದಳು. "ಕೂಡು ತಂಗಿ. ತಪ್ಪಾತು ಗಿಪ್ಪಾತು ಅಂದು ಆಗಿದ್ದ ಮದುವಿ ಕೆಡಸಬ್ಯಾಡ."