ಬೀಡಿ ಬಿಟ್ಟವನ ಮೂಗು

ಜನವರಿ ಹತ್ತೊಂಬತ್ತು, ಸೋಮವಾರ. ಬೆಳಿಗ್ಗೆ ದಟ್ಟ ಮಂಜು, ಒಂಬತ್ತರ ಮೇಲೆ ಎಳೆ ಬಿಸಿಲು, ಗಾಳಿಯಿಲ್ಲ. ನಾನು ಬೀಡಿ ಬಿಟ್ಟ ದಿನ.

ನಮ್ಮ ಕಡೆ ಇಂಥವು ನಡೆಯುತ್ತಲೇ ಇರುತ್ತವೆ. ಒಬ್ಬ ಒಂದು ಚಟ ಬಿಟ್ಟರೆ ಊರಿಗೆ ಇನ್ನೊಂದು ಚಟ ಹತ್ತುತ್ತದೆ: ಅವನನ್ನು ಕಾಯುವುದು. ಆನೆ ಬರುವ ಊರು. ಕಾವಲು ಕೂರುವುದನ್ನು ಇಲ್ಲಿ ಯಾರಿಗೂ ಕಲಿಸಬೇಕಿಲ್ಲ.

ತಮಿಳುನಾಡಿನ ಗಡಿಯೊಳಗಿನ ತಿಗನಾರೆ ಕಡೆಯ ಒಂದು ಸಣ್ಣ ಊರಿನ ಹಾಲಿನ ಸೊಸೈಟಿಯಲ್ಲಿ ಲ್ಯಾಕ್ಟೋಮೀಟರು ಇಳಿಸಿ, ನೀರು ಬೆರೆತಿದೆಯೇ ಎಂದು ಹಾಲು ಪರೀಕ್ಷಿಸಿ ಅಳೆದುಕೊಳ್ಳುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಎಲ್ಲರ ಹಾಲನ್ನೂ ಅನುಮಾನದಿಂದ ನೋಡಿದ್ದೇನೆ. ಅದು ಸಂಬಳ ಬರುವ ಅನುಮಾನ. ಮನೆಗೆ ಬಂದರೆ ಪುಸ್ತಕ, ಮಾತು ಕಡಿಮೆ, ದಿನಕ್ಕೊಂದು ಕಟ್ಟು ಬೀಡಿ.

ಬಿಡುವುದಕ್ಕೆ ಕಾರಣ ಮಗಳು. ಮೊದಲ ಹೆರಿಗೆಗೆ ತವರಿಗೆ ಬರಬೇಕು. ಆದರೆ ಅವಳ ಅತ್ತೆ, ಚಾಮರಾಜನಗರದ ಹತ್ತಿರದವರು, ಫೋನಿನಲ್ಲಿ ಹೇಳಿಬಿಟ್ಟರು: "ಬೀಡಿ ಒಗೆ ಆಡೋ ಮನೆಗೆ ಬಸುರೀನ ಕಳ್ಸಲ್ಲ ಬೀಗರೇ. ಹತ್ತು ದಿನ ಟೈಮು. ನಾನೇ ಬಂದು ನೋಡ್ತೀನಿ." ನನ್ನ ಹೆಂಡತಿ ಅಷ್ಟರಲ್ಲಾಗಲೇ ಅಟ್ಟದಿಂದ ತೊಟ್ಟಿಲು ಇಳಿಸಿ, ಒರೆಸಿ, ಹಗ್ಗ ಬದಲಿಸಿ ಇಟ್ಟಿದ್ದಳು. ಅದನ್ನು ಮತ್ತೆ ಅಟ್ಟಕ್ಕೆ ಏರಿಸುವ ಕೆಲಸ ನನ್ನಿಂದ ಆಗುವಂಥದ್ದಲ್ಲ.

೧. ಯಾರನ್ನು ನಂಬುತ್ತೀರಿ

ತಾಳವಾಡಿ ಆಸ್ಪತ್ರೆಯ ನರ್ಸಮ್ಮ ಈರೋಡಿನ ಬಯಲಿನವರು. ತಮಿಳಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಾರೆ. "ಬೀಡಿ ಆಸೆ ಬಂದ್ರೆ ಐದು ನಿಮಿಷ ತಳ್ಳಿ. ಆಮೇಲೆ ಅದೇ ಇಳಿಯುತ್ತೆ. ಅಷ್ಟರಲ್ಲಿ ನೀರು ಕುಡೀರಿ. ಉಸಿರು ಉದ್ದಕ್ಕೆ ಎಳೆದು ಬಿಡಿ. ಯಾರ ಜೊತೆಗಾದ್ರೂ ಮಾತಾಡಿ," ಎಂದರು.

"ಕೊನೇದು ಬೇಡ. ಮಿಕ್ಕಿದ್ದು ಸಾಕು," ಎಂದೆ.

"ಒಬ್ಬರೇ ಬಿಡೋದು ಕಷ್ಟ ಸಾರ್. ಜೊತೆಗೊಬ್ಬರು ಇರ್ಬೇಕು. ಹೆಸರು ಬರ್ಕೊಳ್ತೀನಿ. ನೀಂಗ ಯಾರೆ ನಂಬುವೀಂಗ? ಯಾರನ್ನ ನಂಬ್ತೀರಿ?"

ನಾನು ಯೋಚಿಸಿದೆ. ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಯೋಚಿಸಬಾರದಿತ್ತು.

"ಲ್ಯಾಕ್ಟೋಮೀಟರನ್ನ," ಎಂದೆ.

ನರ್ಸಮ್ಮನ ಪೆನ್ನು ನಿಂತಿತು. ಹೆಂಡತಿ ಮುಂದಕ್ಕೆ ಬಾಗಿದಳು. "ನನ್ನೆಸ್ರು ಬರ್ಕೊಳಮ್ಮ. ಅವ್ರು ನನ್ನ ನಂಬಾದು ಬ್ಯಾಡ. ನಾನೂ ಅವ್ರ ನಂಬಲ್ಲ. ಕಾಯಾದು ತಾನೆ? ಕಾಯ್ತೀನಿ ಬುಡು."

೨. ಬಾಟಲಿ

ಮಂಗಳವಾರ ಬೆಳಿಗ್ಗೆ ಹಾಲು ಅಳೆಯುವಾಗ ಆಸೆ ಬಂತು. ಮೇಜಿನ ಮೇಲಿದ್ದ ನೀರಿನ ಬಾಟಲಿ ಎತ್ತಿದೆ. ಸಾಲಿನವರ ಕಣ್ಣೆಲ್ಲ ಬಾಟಲಿಯ ಮೇಲೆ.

ಎದುರಿಗಿದ್ದದ್ದು ಒಂಟೆಮ್ಮೆ ಅಜ್ಜಿ. ಆಕೆಗಿರುವುದು ಒಂದೇ ಎಮ್ಮೆ. ಹಾಲಿಗೆ ನೀರು ಬೆರೆಸಿದ್ದಕ್ಕೆ ಹಿಂದೆ ಎರಡು ಸಲ ಆಕೆಯನ್ನು ವಾಪಸ್ಸು ಕಳಿಸಿದ್ದೆ.

"ಅದೇನ್ಲಾ ಅದು?"

"ನೀರು."

"ಅದು ಕಾಣ್ತದ. ಆಲಿನ ಕ್ಯಾನ್ ಪಕ್ಕ್ದಲ್ಲಿ ಯಾಕದ?"

"ಕುಡಿಯೋಕೆ. ನರ್ಸಮ್ಮ ಹೇಳವ್ರ."

"ನಾನೂವೆ ಅವತ್ತು ಇಂಗೇ ಯೇಳ್ದಿ, ನೀರು ಕುಡ್ದದ್ದು ಎಮ್ಮೆ ಅಂತ. ನೀನು ನಂಬುದ್ಯಾ?"

ಬಾಟಲಿ ಕೆಳಗಿಟ್ಟೆ. ಸಾಲಿನವರು ಸೊಸೈಟಿ ಅಧ್ಯಕ್ಷರನ್ನು ಕರೆಸಿದರು. ಅಧ್ಯಕ್ಷರು ಎರಡೂ ಕಡೆ ಕೇಳಿ ತೀರ್ಮಾನ ಕೊಟ್ಟರು: ಬಾಟಲಿ ಹೊರಗಿನ ಕಂಬಕ್ಕೆ ನೇತಾಡಬೇಕು. ನಾನು ಕುಡಿಯಲು ಹೋದಾಗ ಹಾಲು ಹಾಕುವವರ ಪೈಕಿ ಒಬ್ಬರು ಜೊತೆಗೆ ಬರಬೇಕು. ಕುಡಿದ ಮೇಲೆ ಬಾಯಿ ತೆರೆದು ತೋರಿಸಬೇಕು.

ಮೂರು ದಿನ ಹಾಗೇ ತೋರಿಸಿದೆ. ಆದರೂ ಯಾರಿಗೋ ಸಮಾಧಾನವಾಗದೆ ನನ್ನ ಲ್ಯಾಕ್ಟೋಮೀಟರನ್ನೇ ತಂದು ನನ್ನ ಬಾಟಲಿಗೆ ಇಳಿಸಿದರು. ಅಪ್ಪಟ ನೀರು. ಇಪ್ಪತ್ತೆರಡು ವರ್ಷದಲ್ಲಿ ಆ ಸೊಸೈಟಿಯಲ್ಲಿ ಕಲಬೆರಕೆಯಿಲ್ಲದ ಪದಾರ್ಥ ಸಿಕ್ಕಿದ್ದು ಅದೇ ಮೊದಲು.

೩. ಕಂದಕದ ಹತ್ತಿರ

ಅಷ್ಟರಲ್ಲಿ ಹೆಂಡತಿ ಕಾವಲು ವಿಸ್ತರಿಸಿದ್ದಳು. ಟೀ ಅಂಗಡಿಯವನು, ಬಸ್ಸಿನ ಕಂಡಕ್ಟರು, ರಸ್ತೆ ಬದಿಯ ಹೊಲದವಳು, ಎಲ್ಲರ ಹತ್ತಿರವೂ ಅವಳ ನಂಬರಿತ್ತು. ಮನೆಗೆ ಹೋದರೆ ಮೊದಲು ಬೆರಳು ಮೂಸುತ್ತಾಳೆ, ಆಮೇಲೆ ಅಂಗಿ, ಆಮೇಲೆ ಊಟ.

ಬುಧವಾರ ಬೆಳಿಗ್ಗೆ ಕೊರೆಯುವ ಚಳಿ. ಸೊಸೈಟಿಗೆ ಹೋಗುವ ಮುಂಚೆ ಆನೆ ತಡೆಯಲು ತೋಡಿದ ಕಂದಕದ ಏರಿಯ ಮೇಲೆ ನಿಂತು, ನರ್ಸಮ್ಮ ಹೇಳಿದಂತೆ ಉಸಿರನ್ನು ಉದ್ದಕ್ಕೆ ಎಳೆದು, ನಿಧಾನವಾಗಿ ತುಟಿ ಚೂಪು ಮಾಡಿ ಬಿಟ್ಟೆ. ಹಿತವಾಗಿತ್ತು. ಹತ್ತು ಸಲ ಮಾಡಿದೆ.

ಹನ್ನೊಂದನೆಯದಕ್ಕೆ ಹೆಂಡತಿ ಬಂದಳು. ಓಡಿಯೇ ಬಂದಿದ್ದಳು, ಕೈಯಲ್ಲಿ ರಂಗೋಲಿ ಬಟ್ಟಲು.

"ಬಾಯ್ ತಗೀರಿ!"

ತೆರೆದೆ. ಬೆಳ್ಳಗೆ ಹೊರಬಂತು.

"ಒಗೆ!"

"ಉಸಿರು."

"ಉಸ್ರಿಗೆ ಬಣ್ಣ ಇರ್ತದಾ? ಹೊಲದವ್ಳು ಫೋನ್ ಮಾಡುದ್ಲು, ಒಂದರ ಮ್ಯಾಲೊಂದು ಎಳೀತಾ ನಿಂತವ್ರ ಅಂತ. ತೊಟ್ಲು ನೋಡ್ಕಂಡಾದ್ರೂ..." ಎನ್ನುವಾಗ ಅವಳ ಬಾಯಿಂದಲೂ ಬೆಳ್ಳಗೆ ಹೊರಟಿತು. ಅವಳು ಮಾತು ನಿಲ್ಲಿಸಿ ಅದನ್ನು ನೋಡಿದಳು. ಮತ್ತೊಮ್ಮೆ ಊದಿ ನೋಡಿದಳು. "ನೀವೂ ಊದಿ," ಎಂದಳು. ಊದಿದೆ. ಹೋಲಿಸಲು ಅವಳೂ ಊದಿದಳು. ಮಂಜಿನಲ್ಲಿ ಎದುರುಬದುರು ನಿಂತು ಇಬ್ಬರೂ ನಾಲ್ಕೈದು ಸಲ ಊದಿದೆವು.

ಅವಳ ಫೋನು ಬಡಿದುಕೊಂಡಿತು. ಹೊಲದವಳ ದನಿ ನನಗೂ ಕೇಳಿಸಿತು: "ಅಕ್ಕಯ್ಯ, ನೀವ್ಯಾಕ್ ಅಲ್ಲಿಗೋದ್ರಿ? ಈಗ ಇಬ್ರೂ ಸೇದ್ತಾ ನಿಂತಿದ್ದೀರಲ್ಲ!"

೪. ಮೂಗು ಬಂತು

ನಾಲ್ಕನೆಯ ದಿನ ನನಗೆ ಮೂಗು ಬಂತು. ನರ್ಸಮ್ಮ ಹೇಳಿದ್ದರು, ವಾಸನೆ ವಾಪಸ್ಸು ಬರುತ್ತದೆ ಎಂದು. ಅದು ನನ್ನ ಕೆಲಸದ ಜಾಗದಲ್ಲಿ ಬರುತ್ತದೆ ಎಂದು ನಾನು ಲೆಕ್ಕ ಹಾಕಿರಲಿಲ್ಲ.

ಹಾಲನ್ನು ಮೊದಲು ಮೂಸಿ, ಆಮೇಲೆ ಅಳೆಯಬೇಕು. ಅದು ನಿಯಮ. ಇಪ್ಪತ್ತೆರಡು ವರ್ಷ ಮೂಸಿದ್ದೇನೆ, ಬೀಡಿಯ ಮೂಗಿನಲ್ಲಿ. ಎಲ್ಲರ ಹಾಲೂ ಒಂದೇ ಥರ, ಒಳ್ಳೆಯದೇ ಇತ್ತು. ಗುರುವಾರ ಮುಚ್ಚಳ ತೆಗೆದರೆ ಒಂದು ಪಾತ್ರೆಯಲ್ಲಿ ಸೀಮೆಎಣ್ಣೆ, ಒಂದರಲ್ಲಿ ಬೆಳ್ಳುಳ್ಳಿ, ಏಳೆಂಟರಲ್ಲಿ ಕೊಳೆತ ಕೋಸು. ಮಾರುಕಟ್ಟೆಯಲ್ಲಿ ಬೆಲೆ ಬಿದ್ದ ಕೋಸನ್ನೆಲ್ಲ ದನಗಳಿಗೆ ತಿನ್ನಿಸುತ್ತಿದ್ದರು. ಹನ್ನೊಂದು ಮಂದಿಯ ಹಾಲು ವಾಪಸ್ಸು ಕಳಿಸಿದೆ.

"ಬೀಡಿ ಇಲ್ದೆ ತಲೆ ಕೆಟ್ಟದ," ಎಂದ ಒಬ್ಬ.

"ತಲೆ ಅಲ್ಲ ಕಣ್ಲಾ, ಮೂಗು. ತಲೆ ಕೆಟ್ಟಿದ್ರೆ ಎಂಗೋ ಸಂಬಾಳಿಸ್ಬೋದಿತ್ತು," ಎಂದ ಇನ್ನೊಬ್ಬ.

ಓದಿದ ಪುಸ್ತಕಗಳಲ್ಲೆಲ್ಲ ತ್ಯಾಗ ಮಾಡಿದವನ ಮೇಲೆ ಜನ ಹೂ ಚೆಲ್ಲುತ್ತಾರೆ. ಶುಕ್ರವಾರ ನನ್ನ ಮೇಜಿನ ಮೇಲೂ ಹೂವಿತ್ತು. ಒಂದು ಚೆಂಡು ಹೂ, ಅದರ ಕೆಳಗೆ ಹೊಸ ಬೀಡಿ ಕಟ್ಟು, ಬೆಂಕಿಪೊಟ್ಟಣ. ಯಾರಿಟ್ಟರು ಎಂದೆ. ಎಲ್ಲರೂ ಸೂರು ನೋಡಿದರು. ಅಧ್ಯಕ್ಷರು ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟರು.

"ನೋಡಪ್ಪ, ನೀನು ಬುಟ್ಟಿದ್ದು ಸಂತೋಷ. ಮನೇಲಿ ಬುಡು. ಇಲ್ಲಿ, ಬೆಳಿಗ್ಗೆ ಒಂದು, ಸಂಜೆಗೊಂದು. ಸಂಘದ ಹಿತದೃಷ್ಟಿಯಿಂದ."

ಕಟ್ಟು ಕೈಗೆ ತೆಗೆದುಕೊಂಡೆ. ಆ ಮೂಗಿಗೆ ಬೀಡಿಯೆಲೆಯ ವಾಸನೆಯೂ ಹಿಂದೆಂದೂ ಬರದಷ್ಟು ಚೆನ್ನಾಗಿ ಬಂತು. ಗಡಿಯಾರ ನೋಡಿದೆ. "ಐದು ನಿಮಿಷ," ಎಂದೆ. ಸಾಲು ಪೂರ್ತಿ ಕಾಯಿತು. ನಾನು ತೊಟ್ಟಿಲನ್ನು ನೆನೆದುಕೊಂಡು ನಿಂತೆ. ಐದನೆಯ ನಿಮಿಷಕ್ಕೆ ಹೊರಗೆ ಹೋಗಿ, ಕಂಬದ ಬಾಟಲಿ ಬಿಚ್ಚಿ, ನೀರನ್ನೆಲ್ಲ ಕಟ್ಟಿನ ಮೇಲೆ ಸುರಿದೆ. ಹಾಲು ಕರೆಯುವ ಮುಂಚೆ ದನಕ್ಕೆ ಕೋಸು ಹಾಕಬೇಡಿ, ಕರೆದ ಮೇಲೆ ಹಾಕಿ, ವಾಸನೆ ಬರುವುದಿಲ್ಲ ಎಂದು ಹೇಳಿದೆ. ನನಗೆ ಅದು ದೊಡ್ಡ ಭಾಷಣ.

ಒಂಟೆಮ್ಮೆ ಅಜ್ಜಿ ಎಲ್ಲರ ಕಡೆ ತಿರುಗಿ ಹೇಳಿದಳು: "ನೀರು ಸುರ್ದುದ್ದು ಬೀಡಿಗೆ, ಆಲಿಗಲ್ಲ. ನಾನು ಕಣ್ಣಾರೆ ಕಂಡಿವ್ನಿ."

೫. ತಪಾಸಣೆ

ಹತ್ತನೆಯ ದಿನ ಬೆಳಗಿನ ಬಸ್ಸಿಗೆ ಬೀಗಿತ್ತಿ ಬಂದರು, ಹಿಂದೆ ಹೊಟ್ಟೆ ಹೊತ್ತ ಮಗಳು. ಮಗಳ ಪೆಟ್ಟಿಗೆ ಜಗಲಿಯ ಮೇಲೆಯೇ ಉಳಿಯಿತು. "ಒಳಕ್ಕೆ ತಕ್ಕ ಓಗ್ಬ್ಯಾಡ, ಇರು. ಮೊದ್ಲು ನೋಡ್ತೀನಿ," ಎಂದರು.

ನೋಡಿದರು. ದಿಂಬು ಮೂಸಿದರು, ಕಂಬಳಿ ಕೊಡವಿ ಮೂಸಿದರು, ಬಾಗಿಲ ಸಂದು, ನನ್ನ ಪುಸ್ತಕಗಳ ನಡುವಿನ ಸಂದು. "ನಮ್ಮನೇಲಿ ಒಗೆಸೊಪ್ಪಿನ ಗಾಳೀನೂ ಸುಳಿಯಾಕಿಲ್ಲ ಬೀಗರೇ," ಎನ್ನುತ್ತಾ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆದರು.

ಅವರಿಗೆ ಏನೂ ಸಿಗಲಿಲ್ಲ. ನನಗೆ ಸಿಕ್ಕಿತು. ಸಣ್ಣಗೆ, ಖಾರವಾಗಿ, ಹೊಗೆಸೊಪ್ಪಿನದೇ ವಾಸನೆ. ಯಾವ ಮೂಲೆಯಲ್ಲಿ ಯಾವ ಕಾಲದ ಬೀಡಿ ತುಂಡು ಬಿದ್ದಿದೆಯೋ? ಅವರಿಗಿಂತ ಮೊದಲು ನಾನೇ ಹುಡುಕಬೇಕು ಎಂದು ಮೂಗು ಮುಂದೆ ಮಾಡಿ ಹೊರಟೆ. ನಡುಮನೆಯಲ್ಲಿ ಇತ್ತು. ಅವರು ಅಡಿಗೆಮನೆಗೆ ಹೋದರು, ನಡುಮನೆಯಲ್ಲಿ ಇಲ್ಲವಾಯಿತು. ಅಡಿಗೆಮನೆಗೆ ಹೋದೆ, ಅಲ್ಲಿತ್ತು. ಹೀಗೆ ಬೀಗಿತ್ತಿ ಗೋಡೆ ಮೂಸುತ್ತಾ ಮುಂದೆ, ನಾನು ಬೀಗಿತ್ತಿಯನ್ನು ಮೂಸುತ್ತಾ ಹಿಂದೆ. ಹೆಂಡತಿ ಬಾಗಿಲಲ್ಲಿ ನಿಂತು, ಮಾನ ಹೋಯಿತು ಎಂಬಂತೆ ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದಳು.

ಬೀಗಿತ್ತಿ ಥಟ್ಟನೆ ತಿರುಗಿದರು. ನನ್ನ ಮೂಗನ್ನು ನೋಡಿದರು. ಅವರ ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಯಿತು. ಅಲ್ಲಿ ಪುಟ್ಟದೊಂದು ಡಬ್ಬಿಯ ಉಬ್ಬು. ಮೂಗಿಗೇರಿಸುವ ಹೊಗೆಸೊಪ್ಪಿನ ಪುಡಿ, ನಸ್ಯ.

ನಾನು ಏನೂ ಹೇಳಲಿಲ್ಲ. ಅದು ನನ್ನ ಸ್ವಭಾವ. ಅವರು ಅದನ್ನು ಬೆದರಿಕೆ ಎಂದುಕೊಂಡರೇನೋ.

"ಮನೆ ಚೊಕ್ಕವಾಗದ," ಎಂದು ಗಟ್ಟಿಯಾಗಿ ಹೇಳಿದರು. "ಪೆಟ್ಗೆ ಒಳಕ್ಕಿಡವ್ವ."

೬. ಮೆದೆಯ ಹಿಂದೆ

ವಾಪಸ್ಸು ಬಸ್ಸು ಹತ್ತಿಸಲು ನಾನೊಬ್ಬನೇ ಹೋಗಿದ್ದೆ. ಬೀಗಿತ್ತಿ ಮೆಲ್ಲಗೆ ಕೇಳಿದರು: "ಎಂಗ್ ಬುಟ್ರಿ?" ಹೇಳಿದೆ. ಅವರು ಒಂದು ಷರತ್ತು ಹೇಳಿದರು, ಅದು ಯಾರಿಗೂ ತಿಳಿಯಬಾರದು ಎಂದರು. ತಲೆಯಾಡಿಸಿದೆ. ಬಸ್ಸು ಬಂತು.

ಮಾರನೆಯ ದಿನದಿಂದ ಮನೆಯಲ್ಲಿ ಹೊಸ ಅನುಮಾನ. ಹೊತ್ತಿಲ್ಲ ಗೊತ್ತಿಲ್ಲ, ನಾನು ಎದ್ದು ಹುಲ್ಲಿನ ಮೆದೆಯ ಹಿಂದೆ ಹೋಗುತ್ತಿದ್ದೆ. ಐದು ನಿಮಿಷಕ್ಕೆ ವಾಪಸ್ಸು. ಬಂದು ಏನೂ ಆಗದವನಂತೆ ಪುಸ್ತಕ ಹಿಡಿಯುತ್ತಿದ್ದೆ. ಹೆಂಡತಿ ಬೆರಳು ಮೂಸಿದರೆ ವಾಸನೆಯಿಲ್ಲ. ಇಲ್ಲದಿದ್ದದ್ದೇ ಅವಳಿಗೆ ಹೆಚ್ಚು ಅನುಮಾನ. "ಸೋಪಾಕಿ ತೊಳ್ಕತಾವ್ರ," ಎಂದು ಮಗಳಿಗೆ ಹೇಳಿದ್ದು ನನಗೆ ಕೇಳಿಸಿತು.

ನಾಲ್ಕನೆಯ ದಿನ ಮಧ್ಯಾಹ್ನ ಇಬ್ಬರೂ ಮೆದೆಯ ಎರಡು ಬದಿಯಿಂದ ಒಟ್ಟಿಗೆ ನುಗ್ಗಿದರು. ಹೆಂಡತಿಯ ಕೈಯಲ್ಲಿ ಪೊರಕೆ.

ನನ್ನ ಕೈಯಲ್ಲಿದ್ದದ್ದು ಫೋನು.

"ನೀರು ಕುಡೀರಿ," ಎನ್ನುತ್ತಿದ್ದೆ. "ಇನ್ನು ಎರಡೇ ನಿಮಿಷ. ಇಳಿಯುತ್ತೆ."

ಮಗಳು ಫೋನು ಕಸಿದು ಕಿವಿಗಿಟ್ಟಳು. ದನಿ ಅಂಗಳದವರೆಗೂ ಕೇಳುವಂತಿತ್ತು: "ಕುಡ್ದಿ ಬೀಗರೇ, ಒಂದ್ ಚೊಂಬು ಕುಡ್ದಿ! ಡಬ್ಬಿ ಕೈಲೇ ಅದ, ತಗ್ದಿಲ್ಲ. ಅದಿರ್ಲಿ, ನನ್ನ ನಾದ್ನಿ ಕತೆ ಅರ್ಧಕ್ಕೇ ನಿಂತಿತ್ತಲ್ಲ ಬೆಳಿಗ್ಗೆ, ಅವ್ಳು ಏನ್ಮಾಡುದ್ಲು ಅಂದ್ರ..."

ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಫೋನನ್ನು ನನಗೇ ವಾಪಸ್ಸು ಕೊಟ್ಟಳು. ಕತೆ ಮುಗಿಯುವವರೆಗೆ ತಾಯಿ ಮಗಳು ಹುಲ್ಲಿನ ಮೇಲೆ ಕೂತು ನಕ್ಕರು. ಹೆಂಡತಿ ಪೊರಕೆಯನ್ನು ಮಡಿಲಲ್ಲಿಟ್ಟುಕೊಂಡು ಕಣ್ಣೊರೆಸಿಕೊಂಡಳು.

ಆಮೇಲೆ ಮಗಳು ಕೇಳಿದಳು: "ನನ್ನ ಇಲ್ಲಿ ಬುಟ್ಟೋಗುವಾಗ ಅತ್ತೆ ಇಂಗೆ ಫೋನ್ನಲ್ಲಿ ಜೊತೆಗಿರಿ ಅಂತ ಕೇಳುದ್ರಾ ಅಪ್ಪ?"

"ಹೂಂ. ದಿನಕ್ಕೆ ಎಂಟು ಸಲ. ನೀನು ಮಗು ಎತ್ಕೊಂಡು ವಾಪಸ್ಸು ಹೋಗೋವರೆಗೆ."

"ಎಂಟು ಸಲ! ನೀನು ಅಷ್ಟೊತ್ತು ಏನ್ ಮಾತಾಡ್ತಿಯಪ್ಪ?"

"ಒಪ್ಕೊಂಡಿದ್ದು ಮಾತಾಡೋಕಲ್ಲ," ಎಂದೆ. "ಕೇಳೋಕೆ."